ಗಾಯಕನಿಗೆ ಪಾಠ

ಹೆಂಡತಿಯ ಭುಜ ಹಿಡಿದುಕೊಂಡು ಗಾಯಕ ಶಾಲೆಯ ಸಂಗೀತ ಕೊಠಡಿಗೆ ಬಂದಾಗ ಮೇಷ್ಟ್ರು ಗಿಟಾರಿಗೆ ಹೊಸ ತಂತಿ ಹಾಕುತ್ತಿದ್ದರು. ಹದಿನಾರು ವರ್ಷದ ಮೇಲೆ ಮುಖ ನೋಡಿದ್ದು. ಮೇಷ್ಟ್ರು ಮತ್ತೆ ತಂತಿ ಬಿಗಿಯತೊಡಗಿದರು.

ಒಂದು ಕಾಲಕ್ಕೆ ಇಬ್ಬರದೂ ಒಂದೇ ರಾಕ್ ಬ್ಯಾಂಡ್. ಹಾಡು ಕಟ್ಟಿ ಗಿಟಾರ್ ನುಡಿಸುತ್ತಿದ್ದವರು ಮೇಷ್ಟ್ರು. ಹೆಸರು ಬಂದದ್ದು ಗಾಯಕನಿಗೆ. ಕಿಕ್ಕಿರಿದ ಮೈದಾನವೊಂದರಲ್ಲಿ ಗಾಯಕ ಮೇಷ್ಟ್ರ ಕಡೆ ಕೈ ತೋರಿಸಿ ಮೈಕಿನಲ್ಲೇ, "ಇವತ್ತಿಗೆ ಇವನ ಋಣ ತೀರ್ತು" ಎಂದುಬಿಟ್ಟ. ಜನ ತಮಾಷೆಯೆಂದುಕೊಂಡು ಶಿಳ್ಳೆ ಹೊಡೆದರು. ಹಿಂದಿನ ಮೆಟ್ಟಿಲಿಳಿದು ಹೋದ ಮೇಷ್ಟ್ರು ಮತ್ತೆ ವೇದಿಕೆ ಹತ್ತಲಿಲ್ಲ. ಈ ಶಾಲೆ ಸೇರಿದರು. ಮಕ್ಕಳ ಎಳೆ ಬೆರಳುಗಳನ್ನು ತಂತಿಯ ಮೇಲೆ ಕೂರಿಸುತ್ತಲೇ ತಲೆ ನರೆಯಿತು. ಹೊಸ ಟ್ಯೂನ್ ಒಂದನ್ನೂ ಕಟ್ಟಲಿಲ್ಲ.

"ಎಂಟು ತಿಂಗಳಾಯ್ತು ಅಣ್ಣಾ, ಸ್ಟ್ರೋಕ್ ಆಗಿ," ಎಂದಳು ಹೆಂಡತಿ. "ಎಲ್ಲಾ ಅರ್ಥ ಆಗುತ್ತೆ, ಮಾತೊಂದೇ ಬರಲ್ಲ. ಹಾಡಿಸಿ ನೋಡಿ, ಕೆಲವರಿಗೆ ಬರುತ್ತೆ ಅಂದ್ರು ಡಾಕ್ಟ್ರು."

"ಅದಕ್ಕೆ ನಾನೇ ಬೇಕಿತ್ತಾ?"

"ಯಾರ ಹತ್ರ ಹೋಗೋಣ ಅಂತ ಬ್ಯಾಂಡಿನ ಒಬ್ಬೊಬ್ಬರ ಫೋಟೋನೂ ತೋರಿಸಿದೆ. ನಿಮ್ಮದು ಬಂದಾಗ ನನ್ನ ಕೈ ಹಿಡ್ಕೊಂಡ್ರು."

ಆಗೋದಿಲ್ಲ ಎಂಬ ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಗಾಯಕ ಮಕ್ಕಳ ಗಿಡ್ಡ ಕುರ್ಚಿಯಲ್ಲಿ ಕೂತಾಗಿತ್ತು. ಏನೋ ಹೇಳಲು ಬಾಯಿ ತೆರೆದ. ಉಸಿರಷ್ಟೇ ಬಂತು, ಹಣೆಯಲ್ಲಿ ಬೆವರು ಮೂಡಿತು. ಮೇಷ್ಟ್ರು ಗಿಟಾರ್ ಎತ್ತಿಕೊಂಡು ಬ್ಯಾಂಡಿನ ಹಳೆಯ ಹಾಡೊಂದರ ಪಲ್ಲವಿ ನುಡಿಸಿದರು. ಗಾಯಕ ಒಂದಕ್ಷರ ತಪ್ಪದೆ ಹಾಡಿದ. ಹೆಂಡತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಪಲ್ಲವಿ ಮುಗಿದದ್ದೇ ತಡ, ಮತ್ತೆ ಬರೀ ಉಸಿರು.

"ಹಳೇ ಹಾಡು ಮನೇಲಿ ಕೆಲಸಕ್ಕೆ ಬರಲ್ಲ," ಎಂದರು ಮೇಷ್ಟ್ರು. "ದಿನಾ ಏನೇನು ಕೇಳಬೇಕಾಗುತ್ತೆ ಇವನಿಗೆ?"

"ನೀರು. ಬೇಕಾದಾಗ ಗೋಡೆ ಬಡೀತಾರೆ."

ಮೇಷ್ಟ್ರು 'ನೀರು ಬೇಕು' ಎಂಬುದಕ್ಕೆ ನಾಲ್ಕು ಸ್ವರ ಜೋಡಿಸಿದರು, 'ಬೇ' ತುಸು ಮೇಲೆ. ಗಾಯಕನ ಎಡಗೈ ಹಿಡಿದು ಮೇಜಿನ ಮೇಲೆ ತಾಳ ಹಾಕಿಸುತ್ತಾ ಹಾಡಿದರು. ಮತ್ತೆ, ಮತ್ತೆ. ಮೇಷ್ಟ್ರ ಗಂಟಲು ಕಟ್ಟುವ ಹೊತ್ತಿಗೆ ಗಾಯಕನ ಬಾಯಲ್ಲಿ ಅದು ಇಡಿಯಾಗಿ ಬಂತು. ಹೆಂಡತಿ ಓಡಿ ಲೋಟ ತುಂಬಿಸಿ ತಂದಳು. ಗಟಗಟ ಕುಡಿದು ಗಾಯಕ ಮತ್ತೆ ಹಾಡಿದ. ಇನ್ನೊಂದು ಲೋಟ ಬಂತು. ಅದನ್ನೂ ಕುಡಿದು ಮೂರನೆಯ ಸಲ ಶುರು ಹಚ್ಚಿದ.

"ಸಾಕು ಕಣೋ, ಹೊಟ್ಟೆ ಒಡೆದೀತು," ಎಂದ ಮೇಷ್ಟ್ರು ಸೀಮೆಸುಣ್ಣ ತಗೊಂಡು ಬೋರ್ಡಿನ ಮುಂದೆ ನಿಂತರು. "ಇನ್ನೇನು ಬೇಕು ಹೇಳಮ್ಮ, ಎಲ್ಲಕ್ಕೂ ಟ್ಯೂನ್ ಹಾಕ್ತೀನಿ."

ಫ್ಯಾನು, ನೋವು, ಕಿಟಕಿ ಎಂದು ಅವಳು ಹೇಳುತ್ತಾ ಹೋದಳು. ಆಮೇಲೆ ಗಂಡನ ಕಡೆ ನೋಡಿದಳು.

"ಅಷ್ಟೇನಾ?"

"ನನ್ನ ಹೆಸರು, ಅಣ್ಣಾ. ಎರಡೇ ಅಕ್ಷರ."