ಗಾಜಿಗೆ ಸುತ್ತಿದ ಬಟ್ಟೆ

ಪಾರ್ಸೆಲ್ಲಿನೊಳಗೆ ಕೈ ಹಾಕಿದ ಕೂಡಲೇ ಲೈನ್‌ಮನ್ನನ ಹೆಬ್ಬೆರಳಿಗೆ ಸೂಜಿ ಚುಚ್ಚಿತು. ಬೆರಳು ಚೀಪುತ್ತಲೇ ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟನ್ನು ಹೊರಗೆಳೆದ. ಒಳಗೆ ಗಾಜು ಕಿರಗುಟ್ಟಿತು. ಗೋಣಿದಾರ ಕತ್ತರಿಸಿ, ಬಿಚ್ಚಿ ನೋಡಿದರೆ ಹಸಿರು ಇನ್ಸುಲೇಟರ್ ಎರಡು ಹೋಳಾಗಿತ್ತು.

"ಒಡೆದೇಹೋಗಿದೆ ಕಣೇ!" ಅವನು ಕೂಗಿದ ಪರಿಗೆ, ಯಾರೋ ಮೆಟ್ಟಿಲಿಂದ ಬಿದ್ದರೆಂದೇ ತಿಳಿದು ಹೆಂಡತಿ ಓಡಿಬಂದಳು.

ಕೆಲಸದಿಂದ ನಿವೃತ್ತನಾದರೂ ಲೈನ್‌ಮನ್ನನ ಜೀವ ಕರೆಂಟು ಕಂಬದಿಂದ ಇಳಿದಿರಲಿಲ್ಲ. ಕಂಬದ ನೆತ್ತಿಯ ಮೇಲೆ ಕೂತು ತಂತಿ ಹಿಡಿಯುವ ಹಳೇ ಗಾಜು, ಹಳೇ ಪಿಂಗಾಣಿಗಳನ್ನು ದೇಶದೇಶದಿಂದ ತರಿಸಿ ಕಪಾಟಿನ ತುಂಬ ಜೋಡಿಸಿದ್ದ. "ಬೇರೆಯವರ ಶೋಕೇಸಲ್ಲಿ ಗೊಂಬೆ ಇರ್ತಾವೆ, ನಮ್ಮದ್ರಲ್ಲಿ ಕಂಬದ ತಲೆಗಳು" ಎಂದು ಹೆಂಡತಿ ಹಂಗಿಸುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು. ಅವನು ದಿನಾ ಒರೆಸಿ ಒರೆಸಿ ಇಡುತ್ತಿದ್ದ. ಅವನಷ್ಟೇ ಹುಚ್ಚಿನ ಮುದುಕನೊಬ್ಬ ಕಡಲಾಚೆ ಇದ್ದ. ಇವನ ಭಾಷೆ ಅವನಿಗೆ ಬಾರದು, ಅವನದು ಇವನಿಗೆ ಬಾರದು. ಫೋನಿನಲ್ಲಿ ಫೋಟೋ ಹಾಕುವುದು, ಒಪ್ಪಿಗೆಯಾದರೆ ಹೆಬ್ಬೆರಳು ತೋರಿಸುವುದು, ಅಂಚೆಯಲ್ಲಿ ಅದಲುಬದಲು ಮಾಡಿಕೊಳ್ಳುವುದು, ಇಷ್ಟೇ ಅವರ ಸ್ನೇಹ. ವರ್ಷಗಟ್ಟಲೆ ನಡೆದುಬಂದಿತ್ತು.

"ಇಷ್ಟು ವರ್ಷ ಒಂದು ಮುಕ್ಕೂ ಆಗಿರ್ಲಿಲ್ಲ. ಈ ಸಲ ಏನು ಧಾಡಿ ಅವನಿಗೆ? ಹುಲ್ಲಿನ ಹೊರೆ ಬಿಗಿದ ಹಾಗೆ ಬಿಗಿದಿದ್ದಾನೆ ನೋಡು! ಕೊಡೋಕೆ ಮನಸ್ಸಿಲ್ಲದಿದ್ರೆ ಇಲ್ಲ ಅನ್ಬೇಕಿತ್ತು." ಲೈನ್‌ಮನ್ ಹೋಳುಗಳ ಫೋಟೋ ತೆಗೆದ. "ಇದನ್ನ ಕಳಿಸ್ತೀನಿ. ಅಲ್ಲಿಗೆ ಮುಗೀತು. ಇನ್ನು ಅವನ ಸಹವಾಸವೇ ಬೇಡ."

ಹೆಂಡತಿ ಗಾಜಿನ ಕಡೆ ನೋಡಲೇ ಇಲ್ಲ. ಸುತ್ತಿ ಬಂದಿದ್ದ ಬಟ್ಟೆಯನ್ನು ಬಿಡಿಸಿ ಹಿಡಿದಿದ್ದಳು. ಅದು ಹೆಂಗಸರ ನೀಲಿ ಸ್ವೆಟರ್. ಅದರ ಅಂಚಿನಲ್ಲಿ ಕೆಂಪು ದಾರ ಪೋಣಿಸಿದ ಸೂಜಿ ಸಿಕ್ಕಿಸಿದಂತೆಯೇ ಇತ್ತು.

"ರೀ, ಸ್ವಲ್ಪ ತಡೀರಿ. ಈ ಸಲ ಇದನ್ನ ಕಟ್ಟಿರೋದು ಅವರೇ."

"ಇನ್ಯಾರು ಕಟ್ತಾರೆ ಮತ್ತೆ? ಅವನ ತಾತಾನಾ?"

"ಇಷ್ಟು ದಿನ ಕಟ್ತಿದ್ದದ್ದು ಅವರ ಹೆಂಡತಿ."

ಅವಳು ಕಪಾಟಿನ ಕೆಳಗಿದ್ದ ಪೆಟ್ಟಿಗೆಯನ್ನು ಎಳೆದು ತೆರೆದಳು. ಅದರಲ್ಲೇನಿದೆಯೆಂದು ಲೈನ್‌ಮನ್ ಎಂದೂ ಕೇಳಿದವನಲ್ಲ. ಮಗುವಿನ ಕಾಲುಚೀಲ, ಶಾಲೆಯ ಹುಡುಗಿಯ ಲಂಗ, ಹೂವಿನ ಪರದೆಯ ತುಂಡು, ಗುಂಡಿ ಬಿಚ್ಚಿಕೊಂಡ ಗಂಡಸಿನ ಅಂಗಿ, ಎಲ್ಲವೂ ಒಗೆದು ಮಡಿಸಿ ಇಟ್ಟಿದ್ದವು. ಒಂದೊಂದರ ಅಂಚಿನಲ್ಲೂ ಕೆಂಪು ದಾರದ ಸಣ್ಣ ಸಣ್ಣ ತುಣುಕುಗಳು ಉಳಿದಿದ್ದವು.

"ಗಾಜನ್ನ ನೀವು ಎತ್ತಿಟ್ರಿ, ಬಟ್ಟೆನ ನಾನು ಎತ್ತಿಟ್ಟೆ. ಆಕೆ ಬಟ್ಟೆ ಸುತ್ತಿ, ಗಾಜು ಅಲ್ಲಾಡದ ಹಾಗೆ ಸುತ್ತಲೂ ಹೊಲೀತಿದ್ಲು. ಅದನ್ನ ನೋಡಿ ನಾನೂ ಹಾಗೇ ಹೊಲಿದು ಕಳಿಸ್ತಿದ್ದೆ. ಮಗಳ ಫ್ರಾಕು, ನಿಮ್ಮ ಖಾಕಿ ಅಂಗಿ…"

"ನನ್ನ ಖಾಕಿ ಅಂಗಿ ಅಲ್ಲಿಗೆ ಹೋಯ್ತಾ? ನಾನಿಲ್ಲಿ ಮನೆಯೆಲ್ಲಾ ಜಾಲಾಡಿದ್ದೆ!"

ಅವಳು ನಗಲಿಲ್ಲ. "ಈ ಸಲ ಒಂದು ಹೊಲಿಗೇನೂ ಇಲ್ಲ. ಸ್ವೆಟರ್ ನೋಡಿ, ಎಲ್ಲೂ ಸವೆದಿಲ್ಲ. ಹಾಕ್ಕೊಳ್ಳೋರು ಇದ್ದಿದ್ರೆ ಇಂಥದ್ದನ್ನ ಯಾರಾದ್ರೂ ಸುತ್ತಿ ಕಳಿಸ್ತಾರಾ? ಸೂಜಿ ತೆಗೆಯೋದೂ ತಿಳಿದಿಲ್ಲ ಪಾಪ ಅವರಿಗೆ."

ಲೈನ್‌ಮನ್ ಕತ್ತರಿಸಿ ಎಸೆದಿದ್ದ ದಾರವನ್ನು ಎತ್ತಿಕೊಂಡ. ಗೋಣಿದಾರದಲ್ಲಿ ಅಡ್ಡಾದಿಡ್ಡಿ ಬಿಗಿದಿದ್ದ ಗಂಟುಗಳನ್ನು ಈಗ ಮತ್ತೆ ನೋಡಿದ. ಒಂದರ ಮೇಲೊಂದು, ಎಷ್ಟು ಹಾಕಿದರೂ ನಂಬಿಕೆ ಬಾರದವನ ಗಂಟುಗಳು. ಆ ಮುದುಕನನ್ನು ಬಾಯಿಗೆ ಬಂದಂತೆ ಬೈದದ್ದಕ್ಕೆ ಅವನಿಗೆ ತುಂಬಾ ನಾಚಿಕೆಯಾಯಿತು. ಫೋಟೋ ಅಳಿಸಿ ಫೋನನ್ನು ಮಗುಚಿಟ್ಟ.

"ಆಕೆ ಹೆಸರೇನು?" ಎಂದು ಮೆಲ್ಲಗೆ ಕೇಳಿದ.

"ನನಗೇನು ಗೊತ್ತು? ನಾವು ಒಂದು ದಿನವಾದ್ರೂ ಮಾತಾಡಿದ್ದೀವಾ?" ಎಂದಳು. ಕಣ್ಣು ಒರೆಸಿಕೊಳ್ಳಲು ಸಿಕ್ಕಿದ್ದು ಆ ಸ್ವೆಟರಿನ ತೋಳೇ.

ಲೈನ್‌ಮನ್ ಎದ್ದು ಕಪಾಟಿನ ಮೇಲಿನ ಸಾಲಿನಿಂದ ಜೇನುಬಣ್ಣದ ಪಿಂಗಾಣಿಯೊಂದನ್ನು ಇಳಿಸಿದ. ಕಡಲಾಚೆಯ ಮುದುಕ ಅದರ ಫೋಟೋ ನೋಡಿದಾಗಿನಿಂದ ಹೆಬ್ಬೆರಳು ತೋರಿಸಿ ತೋರಿಸಿ ಸೋತಿದ್ದ. ಪ್ರಾಣ ಬೇಕಾದರೂ ಕೊಟ್ಟೇನು, ಇದನ್ನು ಕೊಡೆ ಎನ್ನುತ್ತಿದ್ದ ಇವನು ಅದನ್ನು ತಂದು ಹೆಂಡತಿಯ ಮುಂದೆ ಇಟ್ಟ. ಪಿಂಗಾಣಿಯ ಟೊಳ್ಳಿನೊಳಗೆ ಆ ಮಗುವಿನ ಕಾಲುಚೀಲಗಳನ್ನು ತುರುಕಿದಳು. "ಅವರ ಮನೆಯದು, ಅವರ ಮನೆಗೇ ಹೋಗ್ಲಿ" ಎಂದು, ತಾನು ಹೊದ್ದಿದ್ದ ಶಾಲನ್ನು ತೆಗೆದು ಅದರ ಸುತ್ತ ಸುತ್ತಿದಳು. ಹೊಲಿಯಲು ಆ ಸ್ವೆಟರಿನ ಸೂಜಿಯನ್ನೇ ತೆಗೆದುಕೊಂಡಳು.

ಅರ್ಧ ಹೊಲಿದವಳು ತಲೆಯೆತ್ತಿ ನೋಡಿದಳು. "ಬನ್ನಿ ಇಲ್ಲಿ, ಪಕ್ಕದಲ್ಲಿ ಕೂತ್ಕೊಳ್ಳಿ. ಉಳಿದ ಹೊಲಿಗೆ ನೀವು ಹಾಕಿ. ಕಲ್ತಿರಿ, ಕಷ್ಟ ಏನಿಲ್ಲ. ಮುಂದೆ ಬೇಕಾಗುತ್ತೆ." ಸೂಜಿಯನ್ನು ಅವನ ಬೆರಳುಗಳ ನಡುವೆ ಇಟ್ಟಳು.

ಬಿರುಗಾಳಿಯಲ್ಲಿ ಕಂಬ ಹತ್ತಿ ಅಭ್ಯಾಸವಿದ್ದ ಮನುಷ್ಯ, ಆ ಸೂಜಿಯಿಂದ ಒಂದು ಹೊಲಿಗೆಯನ್ನೂ ಹಾಕಲಿಲ್ಲ. ಮೆಲ್ಲಗೆ ಅದನ್ನು ಅವಳ ಕೈಗೇ ಹಿಂದಿರುಗಿಸಿ, ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಸಿದ.

"ಇದೊಂದನ್ನ ಮಾತ್ರ ನನಗೆ ಕಲಿಸ್ಬೇಡ ಕಣೇ."