ಪಾಪಮ್ಮನ ಫೋಟೋ

ಮೆಗನ್ ಪ್ರಾಸರ್ ಜಗಲಿಯ ಚಾಪೆಯ ಮೇಲೆ ಕಷ್ಟಪಟ್ಟು ಕಾಲು ಮಡಿಸಿ ಕೂತು, ಹಳೆಯ ಫೋಟೋಗಳನ್ನು ಒಂದೊಂದಾಗಿ ಹೊರಗೆ ತೆಗೆದಳು. ಎದುರಿಗೆ ವರಲಕ್ಷ್ಮಮ್ಮ. ಎಪ್ಪತ್ತು ದಾಟಿದ ಹೆಂಗಸು, ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಮದುವೆಮನೆಗೆ ಉಡುವ ಸೀರೆ ಉಟ್ಟು ಕಾದಿದ್ದಳು. ಮಗ ಕುಮಾರೇಶ ಹೊಸೂರಿನ ಫ್ಯಾಕ್ಟರಿಗೆ ರಜೆ ಹಾಕಿ, ಇಬ್ಬರ ನಡುವೆ ಕೂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳುತ್ತಿದ್ದ.

ಮೆಗನ್ ವೇಲ್ಸ್ ದೇಶದವಳು. ನೂರು ವರ್ಷಕ್ಕೂ ಹಿಂದೆ ಬಾಗಲೂರಿನ ಹತ್ತಿರದ ಒಂದು ಕುದುರೆ ಫಾರಂನಲ್ಲಿ ಡಾಕ್ಟರಾಗಿದ್ದ ತನ್ನ ಮುತ್ತಾತನ ಜಾಡು ಹಿಡಿದು ಬಂದಿದ್ದಳು. ಚರ್ಚಿನ ದಾಖಲೆ, ಹಡಗಿನಲ್ಲಿ ಬಂದವರ ಪಟ್ಟಿ, ಗೋರಿಕಲ್ಲಿನ ಮೇಲಿನ ಬರಹ ಎಲ್ಲ ಹುಡುಕಿ ಕಲೆಹಾಕಿ, ತಮ್ಮ ಮನೆತನದ ಪುಸ್ತಕ ಬರೆಯುತ್ತಿದ್ದಳು. ಆ ಡಾಕ್ಟರ ಬಂಗಲೆಯಲ್ಲಿ ಮಗು ನೋಡಿಕೊಳ್ಳುತ್ತಿದ್ದವಳ ಮೊಮ್ಮಗಳು ಈ ಊರಿನಲ್ಲಿದ್ದಾಳೆ ಎಂದು ಬಾಗಲೂರಿನಲ್ಲಿ ಯಾರೋ ಹೇಳಿದ್ದರು.

ವರಲಕ್ಷ್ಮಮ್ಮನಿಗೆ ಈ ಮನೆತನವೆಲ್ಲ ಬೇಕಿರಲಿಲ್ಲ. ಅವಳ ತಾಯಿ ಇನ್ನೂ ಲಂಗ ಹಾಕುವ ವಯಸ್ಸಿನಲ್ಲೇ ತನ್ನ ಅವ್ವ ಪಾಪಮ್ಮನನ್ನು ಕಳೆದುಕೊಂಡವಳು. 'ಅವ್ವನ ಮುಖಾನೇ ಮರ್ತೋಯ್ತು ಕಣೇ. ದೊರೆಸಾನಿ ಅವಳ್ದೊಂದು ಫೋಟೋ ತೆಗೆಸಿದ್ಲಂತೆ, ಸೀಮೆಗೆ ತಕ್ಕೊಂಡೋದ್ಲಂತೆ' ಎಂದು ಸಾಯುವವರೆಗೂ ಹೇಳುತ್ತಿದ್ದಳು.

ಬಂಗಲೆಯ ಫೋಟೋ ಬಂತು. ಸಾಲಾಗಿ ಕಟ್ಟಿದ ಕುದುರೆಗಳು ಬಂದವು. ಟೋಪಿ ಹಾಕಿದ ದೊರೆ, ಕೊಡೆ ಹಿಡಿದ ದೊರೆಸಾನಿ. ವರಲಕ್ಷ್ಮಮ್ಮ ಒಂದೊಂದನ್ನೂ ನೋಡಿ ಪಕ್ಕಕ್ಕಿಟ್ಟಳು.

"ಅಜ್ಜೀದು ಎಲ್ಲೈತೆ ಕೇಳ್ಲಾ."

ಕುಮಾರೇಶ ಕೇಳಿದ. ಮೆಗನ್ ತಲೆಯಾಡಿಸಿ, ಕ್ಷಮೆ ಕೇಳುವವಳಂತೆ ಏನೋ ಅಂದು, ಕೊನೆಯ ಫೋಟೋ ಕೊಟ್ಟಳು.

"ಅಜ್ಜೀದು ಒಂದೂ ಇಲ್ವಂತಮ್ಮ. ಅಜ್ಜಿ ನೋಡ್ಕೊಂತಿದ್ದ ಮಗೂದು ಇದು. ಇವರ ತಾತ. ಕುರ್ಚಿ ಮೇಲೆ ಕೂರ್ಸವ್ರೆ."

ಲೇಸಿನ ಅಂಗಿ ತೊಟ್ಟ ಗುಂಡುಗುಂಡಾದ ಮಗು. ಹಿಂದೆ ಕಪ್ಪು ಬಟ್ಟೆ ಹೊದಿಸಿದ ಎತ್ತರದ ಕುರ್ಚಿ. ವರಲಕ್ಷ್ಮಮ್ಮ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಬಟ್ಟೆಯ ಮಡಿಕೆಯೊಳಗಿಂದ ಎರಡು ಕೈ ಹೊರಬಂದು ಮಗುವಿನ ಸೊಂಟ ಹಿಡಿದಿದ್ದವು. ಎಡಗೈಯ ಕಿರುಬೆರಳು ಅರ್ಧವೇ ಇತ್ತು. ಕುದುರೆಗೆ ಹುಲ್ಲು ಕೊಯ್ಯುವಾಗ ಕುಡುಗೋಲು ತಗುಲಿ ಪಾಪಮ್ಮನ ಬೆರಳು ತುಂಡಾದದ್ದನ್ನು ತಾಯಿ ಎಷ್ಟು ಸಲ ಹೇಳಿದ್ದಳೋ.

"ಕುರ್ಚಿ ಅಲ್ಲ ಕಣ್ಲಾ ಇದು," ಅಂದಳು. "ನಮ್ಮಜ್ಜಿ."

ಮೆಗನ್ ಫೋಟೋ ಇಸಿದುಕೊಂಡು ಕಣ್ಣಿನ ಹತ್ತಿರ ತಂದಳು. ಚಿಕ್ಕಂದಿನಿಂದ ಮನೆಯ ಗೋಡೆಯ ಮೇಲೆ ನೋಡಿದ್ದ ಫೋಟೋ ಅದು. ಆಮೇಲೆ ಮೆಲ್ಲನೆ, ತಡೆತಡೆದು ಏನೋ ಹೇಳಿದಳು. ಕುಮಾರೇಶ ಚಾಪೆಯ ಎಳೆಯೊಂದನ್ನು ಕೀಳತೊಡಗಿದ.

"ಏನಂತೆ? ಯಾಕೆ ಮುಚ್ಚವ್ರಂತೆ?"

"ಬಿಸ್ಲು ಜಾಸ್ತಿ ಇತ್ತಂತಮ್ಮ. ಅದಕ್ಕೇ ಬಟ್ಟೆ ಹೊದಿಸಿದ್ರಂತೆ."

"ಬಿಸ್ಲಿಗೆ ಮುಚ್ಚೋರು ಮಗೀಗೆ ಮುಚ್ಚಾಕಿಲ್ವೇನ್ಲಾ?"

ಕುಮಾರೇಶ ತಲೆ ತಗ್ಗಿಸಿದ. "ಆಗೆಲ್ಲ ಹಂಗೇ ಮಾಡ್ತಿದ್ರಂತೆ. ಮಗು ಅಲ್ಲಾಡ್ದಂಗೆ ಒಬ್ರು ಹಿಡ್ಕೊಬೇಕು. ಆದ್ರೆ ಫೋಟೋದಾಗೆ ಮಗು ಒಂದೇ ಕಾಣ್ಬೇಕು."

ವರಲಕ್ಷ್ಮಮ್ಮ ಫೋಟೋವನ್ನು ವಾಪಸು ತೆಗೆದುಕೊಂಡಳು. ಮುಖ ಇರಬೇಕಾದ ಕಡೆ ಬಟ್ಟೆ ಒಂದಿಷ್ಟು ಉಬ್ಬಿತ್ತು. ಅದರ ಮೇಲೆ ಹೆಬ್ಬೆರಳಿಟ್ಟು, ಒರೆಸಿದರೆ ಹೋಗುವ ಕೊಳೆಯೇನೋ ಎಂಬಂತೆ ಎರಡು ಸಲ ಒರೆಸಿದಳು.

ಮೆಗನ್ ಕಣ್ಣೊರೆಸಿಕೊಂಡು ಪೆನ್ನು ತೆಗೆದಳು. ಪಾಪಮ್ಮ ಎಂಬ ಹೆಸರನ್ನು ಕುಮಾರೇಶನಿಂದ ಕೇಳಿ ಬರೆದುಕೊಂಡಳು. ಫೋಟೋದ ಕೆಳಗೆ ಆ ಹೆಸರನ್ನು ಹಾಕಿಸುತ್ತೇನೆ ಅಂದಳು. ತಾತ ಹುಟ್ಟಿದಾಗ ತೀರಾ ಬಡಕಲಾಗಿದ್ದನಂತೆ, ಉಳಿಯುವುದಿಲ್ಲವೆಂದು ಅವನ ತಾಯಿ ಊರಿಗೆ ಕಾಗದ ಬರೆದಿದ್ದಳಂತೆ. ಅವನು ಉಳಿದದ್ದಕ್ಕೇ ತಾನು ಇವತ್ತು ಇಲ್ಲಿ ಕೂತಿದ್ದೇನೆ ಅಂದಳು.

"ಹೆಂಗೆ ಉಳ್ಕೊಂಡ ಅಂತ ಆಯಮ್ಮಂಗೆ ಗೊತ್ತಾ?" ವರಲಕ್ಷ್ಮಮ್ಮ ಕೇಳಿದಳು. "ದೊರೆಸಾನಿಗೆ ಹಾಲಿರ್ಲಿಲ್ಲ. ಅಜ್ಜಿ ಆಗಿನ್ನೂ ಚೊಚ್ಚಲ ಬಾಣಂತಿ. ಕರ್ಕೊಂಡೋಗಿ ಹಗ್ಲೂ ರಾತ್ರಿ ಬಂಗ್ಲೇಲೇ ಮಡಿಕ್ಕೊಂಡ್ರು. ಅವಳ ಮಗ ಇಲ್ಲಿ ಅವರತ್ತೆ ಹತ್ರ. ಅವನಿಗೆ ರಾಗಿ ಗಂಜಿ ತಿಳಿ. ನಮ್ಮವ್ವ ಹುಟ್ಟಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ."

ಕುಮಾರೇಶ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಮೆಗನ್ ಬರೆಯುವುದನ್ನು ನಿಲ್ಲಿಸಿದ್ದಳು. ಆ ಮಗು ಏನಾಯಿತು ಎಂದು ಕೇಳಿದಳು.

"ಉಳೀಲಿಲ್ಲ."

ಬೀದಿಯಲ್ಲಿ ಫ್ಯಾಕ್ಟರಿ ಬಸ್ಸೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ಮೆಗನ್ ಹೊಸ ಹಾಳೆ ತಿರುವಿ, ಕುಮಾರೇಶನ ಕಡೆ ನೋಡದೆ, ಸಣ್ಣ ದನಿಯಲ್ಲಿ ಒಂದು ಮಾತು ಅಂದಳು.

"ಆ ಮಗೂನೂ ಪುಸ್ತಕದಾಗೆ ಬರೀತಾರಂತಮ್ಮ. ಹೆಸ್ರೇನು ಅಂತ ಕೇಳ್ತಾವ್ರೆ."

ವರಲಕ್ಷ್ಮಮ್ಮ ಫೋಟೋವನ್ನು ಮೆಗನ್ನಳ ಮುಂದೆ ಚಾಪೆಯ ಮೇಲಿಟ್ಟಳು.

"ಇಟ್ಟಿರ್ಲಿಲ್ಲ ಅಂತ ಹೇಳು. ದೊರೆಸಾನಿ ಒಂದಿನ ತಾಯೀನ ಮನೆಗೆ ಕಳ್ಸಿದ್ರೆ, ಅವತ್ತು ಇಡಾನ ಅಂತಿದ್ರು."