ಉಳಿದ ಐದು ಪಾಲು

ಹಳೆಯ ಆಟೊ ಮಾರಿ ಬಂದ ಐವತ್ತು ಸಾವಿರವನ್ನು ಚನ್ನಬಸು ಗೋವಾಕ್ಕೆ ಹೊರಡುವ ಮೊದಲೇ ಹತ್ತು ಪಾಲು ಮಾಡಿದ್ದ. ಐದು ಪಾಲು ಸೋತರೆ ಆಟ ಬಿಡಬೇಕೆಂಬುದು ಅವನ ಲೆಕ್ಕ. ಉಳಿದ ಐದನ್ನು ಗೆಳೆಯ ಮಲ್ಲೇಶಿಯ ಕೈಗಿತ್ತು, "ನಾ ಕೈಮುಗದು ಕೇಳಿದ್ರೂ ಕೊಡಬ್ಯಾಡ," ಎಂದಿದ್ದ.

ಕ್ಯಾಸಿನೊದಲ್ಲಿ ಒಬ್ಬ ದಾಳ ಎಸೆದರೆ ಮೇಜಿನ ಸುತ್ತ ನಿಂತವರೆಲ್ಲ ಅವನ ಸೋಲು-ಗೆಲುವಿನ ಮೇಲೆ ಹಣ ಕಟ್ಟುತ್ತಿದ್ದರು. ಮಲ್ಲೇಶಿ ಗುಂಪಿನ ನಡುವೆ ಎದುರು ತುದಿಯಲ್ಲಿ ನಿಂತು ತಾನೂ ತನ್ನ ಹಣ ಕಟ್ಟುತ್ತಿದ್ದ. ಚನ್ನಬಸು ಎಸೆಯತೊಡಗಿದ ಗಂಟೆಯೊಳಗೆ ಐದು ಪಾಲೂ ಹೋದವು.

"ಸಾಕು. ಊಟಾ ಮಾಡಿ ಊರಿಗೆ ಹೋಗೂಣು ನಡಿ," ಎಂದ ಚನ್ನಬಸು.

ಮಲ್ಲೇಶಿ ಹತ್ತಿರ ಬಂದು, ತಾನಾಗಿಯೇ ಕಿಸೆಯಿಂದ ಹಣ ತೆಗೆದ. "ಇಷ್ಟೊತ್ತು ಸೋತಾಂವ ಈಗ ಗೆಲ್ಲಾಕಬೇಕು. ತಗೋ, ಒಗಿ."

"ಬ್ಯಾಡೋ, ಹೊಸಾ ಗಾಡಿಗೆ ಮುಂಗಡ ಕಟ್ಟೂದೈತಿ."

"ನನ್ನ ಮ್ಯಾಲ ನಂಬಿಕಿ ಇಲ್ಲೇನು?"

ಆ ಮಾತಿಗೆ ಕಟ್ಟುಬಿದ್ದು ಚನ್ನಬಸು ಮತ್ತೆ ದಾಳ ಹಿಡಿದ; ಮಲ್ಲೇಶಿ ತನ್ನ ತುದಿಗೆ ಮರಳಿದ. ಕೊನೆಯ ಪಾಲೂ ಮುಗಿದಾಗ ಅವನಿಗೆ ಗೆಳೆಯನ ಮುಖ ನೋಡಲೂ ನಾಚಿಕೆಯಾಯಿತು. ಮೇಜು ಸುತ್ತಿ ಹೋಗಿ ಮಲ್ಲೇಶಿಯ ಹೆಗಲು ಹಿಡಿದ.

"ನನ್ನ ನಂಬಿ ಕಟ್ಟಿ ನೀನೂ ಹಾಳಾದಿ, ದೋಸ್ತ."

ಅಷ್ಟರಲ್ಲಿ ಆಟ ನಡೆಸುವವನು ಹಣದ ಬದಲಿಗೆ ಬಳಸುವ ಬಿಲ್ಲೆಗಳ ದೊಡ್ಡ ರಾಶಿಯೊಂದನ್ನು ಮಲ್ಲೇಶಿಯ ಮುಂದೆ ಸರಿಸಿದ.

"ಇಷ್ಟು ನೀ ಯಾವಾಗ ಗೆದ್ದಿ?"

ಮಲ್ಲೇಶಿ ತಲೆಯೆತ್ತದೆ ಬಿಲ್ಲೆಗಳನ್ನು ಬಾಚಿಕೊಳ್ಳುತ್ತ ಹೇಳಿದ: "ನೀ ಒಗದಾಗೆಲ್ಲ, ನೀ ಸೋಲ್ತಿ ಅಂತ ಕಟ್ಟೀನಿ."